ಗೆರೆ ಇಲ್ಲದ ಬೆರಳು

ಲಾರಿ ಬಾಗಿಲಿನ ಹೊಸ ಹಿಡಿ ಕರ್ರಗೆ, ತರಿತರಿಯಾಗಿ ಬರುತ್ತದೆ. ಅದಕ್ಕೆ ಲಾರಿಯ ಮೈಬಣ್ಣವೇ ಬರಬೇಕು. ಬರಬೇಕಾದರೆ ಮೊದಲು ಯಾರಾದರೂ ಅದನ್ನು ಉಜ್ಜಬೇಕು. ಉಜ್ಜುವವರು ನಾವು.

ಬಣ್ಣ ಹೊಡೆಯುವ ಶೆಡ್ಡಿನ ಹಿಂಬದಿಯಲ್ಲಿ ನಾಲ್ಕು ಜನ ಹೆಂಗಸರು ಬಕೆಟ್ಟಿನ ಸುತ್ತ ಕೂರುತ್ತೇವೆ. ನೀರಲ್ಲಿ ನೆನೆಸಿದ ಎಮರಿ ಕಾಗದದಿಂದ ಹಿಡಿಯ ಮೈ, ಮೂಲೆ, ಸಂದು ಎಲ್ಲ ಉಜ್ಜುತ್ತೇವೆ. ಸಂದಿಗೆ ಬೆರಳೇ ಬೇಕು, ಬೇರೆ ಯಾವ ಸಾಮಾನೂ ಹೋಗುವುದಿಲ್ಲ. ಸಂಜೆಗೆ ಬೆರಳ ತುದಿ ಬೆಂದ ಹಾಗಾಗಿರುತ್ತದೆ. ಊಟಕ್ಕೆ ಕೂತರೆ ಅನ್ನದ ಉಪ್ಪೂ ಉರಿಯುತ್ತದೆ.

ಚಿಕ್ಕಮ್ಮ ಈ ಕೆಲಸಕ್ಕೆ ಕೂತು ಹನ್ನೊಂದು ವರ್ಷವಾಯಿತು. ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಏಳನೇ ಕ್ಲಾಸು ಬಿಟ್ಟು ನಾನೂ ಬಂದು ಅವಳ ಪಕ್ಕ ಕೂತೆ. ನಾನು ಮಾತಾಡುವುದು ಕಡಿಮೆ. ಶೆಡ್ಡಿನಲ್ಲಿ ನನಗೆ ಮೂಗಿ ಅಂತಲೇ ಹೆಸರು.

ಹೋದ ವರ್ಷ ಹಾಜರಿಗೆ ಬೆರಳೊತ್ತುವ ಮಿಷನ್ ಬಂತು. ಚಿಕ್ಕಮ್ಮ ಹತ್ತು ಬೆರಳನ್ನೂ ಒಂದೊಂದಾಗಿ ಇಟ್ಟಳು. ಮಿಷನ್ ಒಂದನ್ನೂ ಒಪ್ಪಲಿಲ್ಲ.

"ನಿನಗೆ ಬೆರಳೇ ಇಲ್ವಲ್ಲಮ್ಮ! ದೆವ್ವಾನಾ ನೀನು?" ಎಂದು ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ.

"ದೆವ್ವ ಆಗಿದ್ರೆ ನಿಮ್ಮ ಹಿಡಿ ಯಾಕೆ ಉಜ್ತಿದ್ದೆ ಯಜಮಾನ್ರೇ, ನಿಮ್ಮನ್ನೇ ಹಿಡ್ಕೋತಿದ್ದೆ" ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು. ಅಂದಿನಿಂದ ಅವಳ ಹಾಜರಿಯನ್ನೂ, ಆಮೇಲೆ ಹಾಗೇ ಆದ ಉಜ್ಜುವ ಅಕ್ಕಂದಿರಿಬ್ಬರದನ್ನೂ ಪೆನ್ನಿನಲ್ಲಿ ಬರೆದುಕೊಳ್ಳುತ್ತಾರೆ.

ಉಜ್ಜಿದ ಹಿಡಿಯನ್ನು ಥಿನ್ನರ್ ಹಾಕಿ ಒರೆಸುತ್ತೇವೆ. ಒರೆಸಿದ ಮೇಲೆ ಬರಿಗೈ ತಾಕಬಾರದು. ಜಿಡ್ಡು ಉಳಿದರೆ ಬಣ್ಣ ಮೇಲೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಒಳಗೆ ಕಚ್ಚಿಕೊಳ್ಳುವುದಿಲ್ಲ. ಚಿಕ್ಕಮ್ಮ ಒಗೆದ ಬಟ್ಟೆಯಲ್ಲಿ ಹಿಡಿದು, ಕೂಸನ್ನು ಎತ್ತಿದ ಹಾಗೆ ಎತ್ತಿ ತಂತಿಗೆ ಸಿಕ್ಕಿಸುತ್ತಾಳೆ.

ಮುಟ್ಟುವವನು ಯಜಮಾನ. ಬಂದವನೇ ಎಣ್ಣೆ ಹಚ್ಚಿದ ತಲೆಯ ಮೇಲೊಮ್ಮೆ ಕೈಯಾಡಿಸುತ್ತಾನೆ. ತಂತಿಯಿಂದ ಹಿಡಿ ತೆಗೆದು ಬಿಸಿಲಿಗೆ ಹಿಡಿಯುತ್ತಾನೆ. ನುಣುಪಾಗಿದೆಯಾ ಅಂತ ಹೆಬ್ಬೆರಳು ಒತ್ತುತ್ತಾನೆ.

"ಮುಟ್ಟಬೇಡಿ ಯಜಮಾನ್ರೇ, ಮುಟ್ಟಿದ್ರೆ ಕೊಡಿ, ಇನ್ನೊಂದ್ಸಲ ಒರೆಸಿಕೊಡ್ತೀನಿ" ಎಂದು ಚಿಕ್ಕಮ್ಮ ಒಮ್ಮೆ ಹೇಳಿದ್ದಳು.

"ನನ್ನ ಮಾಲು ಮುಟ್ಟೋಕೆ ನಿನ್ನ ಅಪ್ಪಣೆ ಬೇಕೇನಮ್ಮ? ಥಿನ್ನರ್ ಏನು ಪುಗಸಟ್ಟೆ ಬರುತ್ತಾ?"

ಮೊನ್ನೆ ಲಾರಿ ಕಂಪನಿಯ ಡ್ರೈವರ್ ಒಂದು ಗೋಣಿಚೀಲ ತಂದು ನಮ್ಮ ಮುಂದೆ ಸುರಿದ. ಹೋದ ತಿಂಗಳ ಕೆಂಪು ಹಿಡಿಗಳು. ಸುಟ್ಟ ಗಾಯದ ಚರ್ಮದ ಹಾಗೆ ಬಣ್ಣ ಎದ್ದಿತ್ತು.

"ತಪ್ಪು ಯಾರದು ಅಂತ ನಮ್ಮ ಸಾಹೇಬರು ಕೇಳ್ತಿದಾರೆ" ಎಂದ ಡ್ರೈವರ್.

ಯಜಮಾನ ಒಂದು ಹಿಡಿ ಎತ್ತಿ ತಿರುಗಿಸಿ ನೋಡಿದ. ಬಣ್ಣ ಉಬ್ಬಿದ ಜಾಗದಲ್ಲಿ ಹೆಬ್ಬೆರಳಿನ ಗುರುತು ಎದ್ದು ಕಾಣುತ್ತಿತ್ತು.

"ನೋಡಿ ಇಲ್ಲಿ! ಒರೆಸೋಳು ಜಿಡ್ಡುಗೈ ಇಟ್ಟಿದಾಳೆ. ಏಯ್, ನಾಳೆಯಿಂದ ನೀನು ಬರಬೇಡ. ಬೇರೆ ಶೆಡ್‌ಗೆ ಹೋಗ್ತೀನಿ ಅಂತಾನೂ ಅನ್ಕೋಬೇಡ, ಎಲ್ಲರಿಗೂ ಹೇಳಿರ್ತೀನಿ."

"ನಾನು ಬಟ್ಟೆ ಬಿಟ್ಟು ಮುಟ್ಟಿಲ್ಲ ಯಜಮಾನ್ರೇ" ಎಂದಳು ಚಿಕ್ಕಮ್ಮ.

"ಹಾಗಾದ್ರೆ ಗುರುತು ಆಕಾಶದಿಂದ ಬಿತ್ತಾ?"

ಚಿಕ್ಕಮ್ಮ ಒರೆಸುವ ಬಟ್ಟೆಯನ್ನು ಹಿಂಡಿದಳು, ಮಡಿಸಿದಳು, ಬಿಚ್ಚಿ ಮತ್ತೆ ಮಡಿಸಿದಳು. ಉಜ್ಜುವುದು ಬಿಟ್ಟರೆ ಬೇರೆ ಕೆಲಸ ಅವಳಿಗೆ ಗೊತ್ತಿಲ್ಲ.

ನಾನು ಚೆಲ್ಲಿದ್ದ ಹಿಡಿಗಳಲ್ಲಿ ಒಂದನ್ನು ಎತ್ತಿಕೊಂಡೆ. ಇನ್ನೊಂದು. ಮತ್ತೊಂದು.

"ಗೆರೆ ಇದೆ" ಎಂದೆ.

"ಏನಂತಮ್ಮಾ ಮೂಗಿ?" ಎಂದ ಬಣ್ಣ ಹೊಡೆಯುವ ಮಾಮ, ಮುಖಕ್ಕೆ ಕಟ್ಟಿದ್ದ ಬಟ್ಟೆ ಕೆಳಗೆಳೆದು.

"ಗುರುತಲ್ಲಿ ಗೆರೆ ಇದೆ ಮಾಮ. ಚಿಕ್ಕಮ್ಮನ ಬೆರಳಲ್ಲಿ ಗೆರೆಯೇ ಇಲ್ವಲ್ಲ. ಮಿಷನ್ನೇ ಹೇಳ್ತಲ್ಲ."

ಚಿಕ್ಕಮ್ಮ ಎದ್ದಳು. ಕೆಂಪು ಡಬ್ಬಿಯ ಮುಚ್ಚಳಕ್ಕೆ ಹೆಬ್ಬೆರಳು ಅದ್ದಿ, ಬಣ್ಣ ಹೊಂದಿಸಿ ನೋಡುವ ಬಿಳಿ ರಟ್ಟಿನ ಮೇಲೆ ಒತ್ತಿದಳು. ನುಣ್ಣನೆಯ ಕೆಂಪು ಮಚ್ಚೆ ಮೂಡಿತು, ಅಷ್ಟೇ.

ಉಜ್ಜುವ ಅಕ್ಕಂದಿರಿಬ್ಬರೂ ಬಂದರು. ಅವರದೂ ಬರೀ ಮಚ್ಚೆ. ನಾನೂ ಒತ್ತಿದೆ. ಅಂಚಿನಲ್ಲಿ ಮೂರೇ ಮೂರು ಗೆರೆ ಉಳಿದಿದ್ದವು. ಇನ್ನೆರಡು ವರ್ಷಕ್ಕೆ ಅವೂ ಇರುವುದಿಲ್ಲ.

"ನಂದೂ ಇರ್ಲಿ" ಎಂದು ಮಾಮ ಒತ್ತಿದ. ಗೆರೆಗಳ ಮೇಲೆ ಹಳೇ ಗಾಯದ ಕಲೆ ಅಡ್ಡಕ್ಕೆ ಮೂಡಿತು. ಹಿಡಿಯ ಮೇಲಿನ ಗುರುತಲ್ಲಿ ಅಂಥ ಕಲೆ ಇರಲಿಲ್ಲ.

ನಾನು ರಟ್ಟನ್ನು ಯಜಮಾನನ ಮುಂದೆ ಹಿಡಿದೆ.

"ಈಗ ನಿಮ್ಮದು ಯಜಮಾನ್ರೇ."

ತಲೆಯ ಕಡೆಗೆ ಹೊರಟಿದ್ದ ಅವನ ಕೈ ಅರ್ಧದಲ್ಲೇ ನಿಂತಿತು.

"ಕೊಬ್ಬಾ ನಿಮಗೆಲ್ಲ? ಅವಳು ಹೋಗೋದು ಹೋಗೋದೇ! ನೀವು ಕೂತು ಕೆಲಸ ನೋಡಿ!"

ಯಾರೂ ಕೂರಲಿಲ್ಲ. ಮಾಮ ಹೋಗಿ ಬಣ್ಣ ಹೊಡೆಯುವ ಗಾಳಿ ಕಂಪ್ರೆಸರ್ ಆರಿಸಿದ. ದಿನವಿಡೀ ಕಿವಿ ಕೊರೆಯುತ್ತಿದ್ದ ಸದ್ದು ನಿಂತು, ಬಕೆಟ್ಟಿನ ಅಂಚಿಗೆ ಹಾಕಿದ್ದ ಎಮರಿ ಕಾಗದದಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು. ಡ್ರೈವರ್ ಹತ್ತಿರ ಬಂದು ರಟ್ಟನ್ನು ನೋಡಿದ, ಆಮೇಲೆ ಯಜಮಾನನನ್ನು ನೋಡಿದ.

"ಒಂದ್ಸಲ ಒತ್ತಿಬಿಡಿ ಸಾರ್, ನಾನೂ ನೋಡ್ಕೊಂಡು ಹೋಗ್ತೀನಿ" ಎಂದ.

ಯಜಮಾನ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡ.