ಕತ್ತರಿಗಳ ಬಡಿತ

ಊರಿಗೆ ನಿದ್ದೆ ಬರಿಸುವುದು ನಮ್ಮ ಕಂಪನಿಯ ಕಸುಬು. ಮಳೆ, ರೈಲು, ಫ್ಯಾನು, ಯಾವ ಸದ್ದು ಬೇಕೋ ಅದು ಫೋನಿನಲ್ಲಿ ಸಿಗುತ್ತದೆ. ಕಿವಿಗೆ ಸಿಕ್ಕಿಸಿಕೊಂಡು ಮಲಗಬಹುದು, ಓದಬಹುದು. ಎಲ್ಲಕ್ಕಿಂತ ಹೆಚ್ಚು ಓಡುವುದು 'ಹೊಲಿಗೆ ಶೆಡ್ಡು'. ಸಾಲುಸಾಲು ಯಂತ್ರಗಳ ಒಂದೇ ಸಮನೆಯ ಗುಂಯ್. ಶೆಡ್ಡಿಗೆ ಬೆಂಕಿ ಬೀಳುವ ಮೊದಲು ಯಾರೋ ಹಿಡಿದಿಟ್ಟ ಸದ್ದು. ಆ ಯಂತ್ರಗಳಲ್ಲೊಂದು ನನ್ನಕ್ಕನದು. ಬೆಂಕಿಯ ದಿನ ಅಕ್ಕ ಹೊರಗೆ ಬರಲಿಲ್ಲ.

ಸದ್ದಿನ ಕೊಳೆ ತೆಗೆಯುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಮ್ಯಾನೇಜರು ಕರೆದರು.

"ಹೊಲಿಗೆ ಶೆಡ್ಡಲ್ಲಿ ಟಕ್ ಟಕ್ ಟಕ್ ಅಂತ ಏನೋ ಬಡೀತಿದೆಯಂತೆ. ಮಲಗಿದವರಿಗೆ ಎಚ್ಚರ ಆಗ್ತಿದೆ. ಅದನ್ನ ತೆಗೆದುಹಾಕಮ್ಮ."

ಕೇಳಿದೆ. ಕತ್ತರಿಯ ಬಡಿತವೆಂದು ಗುರುತು ಸಿಕ್ಕಿತು. ಆ ಶೆಡ್ಡಿನಲ್ಲಿ ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ದಾರ ತುಂಡಾದರೂ, ಬೆರಳಿಗೆ ಸೂಜಿ ಹೊಕ್ಕರೂ ಕತ್ತರಿಯಿಂದ ಮೇಜಿಗೆ ಮೂರು ಸಲ ಬಡಿಯಬೇಕು. ಮನಸ್ಸಾದರೆ ಸೂಪರ್‌ವೈಸರ್ ಬರುತ್ತಿದ್ದ. ಅಕ್ಕ ಮನೆಯಲ್ಲೂ ಚಮಚ ಹಿಡಿದು ಹಾಗೇ ಬಡಿಯುತ್ತಿದ್ದಳು. "ಬಾಯಿಲ್ವೇನೇ ನಿಂಗೆ?" ಎಂದರೆ, "ಗೇಟಲ್ಲೇ ಬಿಟ್ಟು ಬಂದಿದೀನಿ ಕಣೇ, ನಾಳೆ ಇಸ್ಕೊಳ್ತೀನಿ" ಎಂದು ನಗುತ್ತಿದ್ದಳು.

ಅಳಿಸಿದೆ. ಹೊಟ್ಟೆಪಾಡು, ಏನು ಮಾಡಲಿ?

ಮರುದಿನ ನೋಡಿದರೆ ಅದೇ ಜಾಗದಲ್ಲಿ ಟಕ್ ಟಕ್ ಟಕ್. ಮತ್ತೆ ಅಳಿಸಿದೆ. ಪಕ್ಕದ ಮೇಜೂ ಬಡಿಯಿತು. ಅದರಾಚೆಯದೂ. ಅಳಿಸಿದಷ್ಟೂ ಹೆಚ್ಚಿ, ಇಡೀ ಶೆಡ್ಡೇ ಬಡಿಯತೊಡಗಿತು. ಆಮೇಲೆ ಆ ಸದ್ದು ಮೇಜುಗಳನ್ನು ಬಿಟ್ಟೆದ್ದು ಬಾಗಿಲ ಕಡೆ ಸರಿಯಿತು. ಮರದ ದನಿ ಹೋಯಿತು, ಕಬ್ಬಿಣದ ದನಿ ಬಂತು.

ವಿಚಾರಣೆಯಲ್ಲಿ ಶೆಡ್ಡಿನ ಯಜಮಾನ ಆಡಿದ ಮಾತು ನೆನಪಾಯಿತು: "ಬಾಗಿಲಿಗೆ ಬೀಗ ಇತ್ತು, ಒಪ್ಕೋತೀನಿ. ಆದ್ರೆ ಒಳಗಿಂದ ಯಾರೂ ಕೂಗಲೇ ಇಲ್ಲ ಸ್ವಾಮಿ. ಕೂಗಿದ್ರೆ ತೆಗೀತಿರಲಿಲ್ವಾ?"

ಕೂಗಬಾರದೆಂದು ಕಲಿಸಿದವನ ಬಾಯಲ್ಲಿ ಈ ಮಾತು!

"ಇನ್ನೂ ಆಗಿಲ್ವಾ?" ಮ್ಯಾನೇಜರು ಬೆನ್ನ ಹಿಂದೆ ನಿಂತಿದ್ದರು. "ಇವತ್ತು ಆ ಬಡಿತ ಹೋಗದಿದ್ರೆ ನೀನು ಹೋಗ್ತೀಯ ನೋಡು."

"ಆಯ್ತು ಸಾರ್. ಕೊಳೆ ಪೂರ್ತಿ ತೆಗೀತೀನಿ."

ತೆಗೆದೆ. ಗುಂಯ್ ಎನ್ನುವ ಆ ಜೋಗುಳವನ್ನೇ ಬೇರುಸಹಿತ ಕಿತ್ತೆ. ಕತ್ತರಿಗಳನ್ನಷ್ಟೇ ಉಳಿಸಿ ಎಲ್ಲರ ಫೋನಿಗೂ ಬಿಟ್ಟೆ. ಚೀಲ ಎತ್ತಿಕೊಂಡು ಬೀದಿಗಿಳಿದೆ.

ಬಸ್ಸಿನಲ್ಲಿ ಮಧ್ಯಾಹ್ನದ ತೂಕಡಿಕೆ. ಪಕ್ಕದ ಸೀಟಿನ ಹೆಂಗಸು ಬೆಚ್ಚಿ ಕಣ್ಣುಬಿಟ್ಟಳು. ಕಿವಿಯಿಂದ ತಂತಿ ಕಿತ್ತೆಸೆದು ನನ್ನ ಕೈ ಹಿಡಿದಳು.

"ಯಾರೋ ಬಾಗಿಲು ಬಡೀತಿದಾರಮ್ಮ. ತಂತಿ ಕಿತ್ರೂ ನಿಲ್ತಿಲ್ಲ. ಯಾರದು?"

"ನಮ್ಮಕ್ಕ," ಎಂದೆ.