ಕಣ್ಣಿಗೊತ್ತಿಕೊಂಡ ಪುಸ್ತಕ

ಆರೂ ಮಕ್ಕಳು ಸಾಲಾಗಿ ನಿಂತು, ಒಬ್ಬರಾದ ಮೇಲೊಬ್ಬರು ತಮ್ಮ ವ್ಯಾಕರಣದ ಪುಸ್ತಕವನ್ನು ಬೇಕೆಂದೇ ನೆಲಕ್ಕೆ ಬೀಳಿಸಿ, ಎತ್ತಿ, ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒಂಬತ್ತು ವರ್ಷದ ಯೇರಿನ್ ಈ ಆಟದ ಮುಂದಾಳು. ಟೀಚರ್ ಸಿದ್ದೇಶ್ವರಿ ಬೋರ್ಡಿನಿಂದ ಈಚೆ ತಿರುಗುವ ಹೊತ್ತಿಗೆ ಗಾಜಿನ ಬಾಗಿಲಾಚೆ ಶಾಲೆಯ ಒಡತಿ ಕ್ವಾನ್ ಮೇಡಂ ನಿಂತಿದ್ದರು. ಅವರ ಮುಖದಲ್ಲಿ ನಗುವಿರಲಿಲ್ಲ.

ಮೂಲ ತಪ್ಪು ಸಿದ್ದೇಶ್ವರಿಯದೇ. ಸೋಮವಾರ ಮೇಜಿನ ಕೆಳಗೆ ಬಿದ್ದಿದ್ದ ಯಾರದೋ ಪುಸ್ತಕಕ್ಕೆ ಅವಳ ಕಾಲು ತಾಗಿತ್ತು. ತಟ್ಟನೆ ಬಾಗಿ ಎತ್ತಿ, ಎರಡೂ ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟಿದ್ದಳು. ಬಾಗಲಕೋಟೆಯಲ್ಲಿ ಬೆಳೆದ ಕೈ ಅದು. ಅಮೆರಿಕಕ್ಕೆ ಬಂದು ಏಳು ವರ್ಷವಾದರೂ ಯಾರ ಅಪ್ಪಣೆಗೂ ಕಾಯುತ್ತಿರಲಿಲ್ಲ. ಹಾಗೆ ಮಾಡಿದ್ದು ಅವಳಿಗೇ ನೆನಪಿರಲಿಲ್ಲ. ಆದರೆ ಮಕ್ಕಳು ಬಿಡುತ್ತಾರೆಯೇ? ಟೀಚರ್ ಕಲಿಸಿದ ಪಾಠ ಮರೆತಾರು, ಕಲಿಸದೆ ಬಿಟ್ಟದ್ದನ್ನು ಮಾತ್ರ ಸರಿಯಾಗಿ ಹಿಡಿದುಕೊಳ್ಳುತ್ತಾರೆ.

ಸೆಂಟರ್‌ವಿಲ್‌ ಎಂಬ ಊರಿನಲ್ಲಿ ಕೊರಿಯನ್ನರ ದೊಡ್ಡದೊಂದು ಕಿರಾಣಿ ಅಂಗಡಿಯ ಮಹಡಿಯ ಮೇಲಿತ್ತು ಆ ಶಾಲೆ. ಹಗಲಿನ ಶಾಲೆ ಮುಗಿಸಿ ಬಂದ ಕೊರಿಯನ್ ಮಕ್ಕಳನ್ನು ಕೂರಿಸಿ ಸಂಜೆ ಏಳರವರೆಗೆ ಗಣಿತ, ಇಂಗ್ಲಿಷ್ ತಿದ್ದುವ ಜಾಗ. ಬಾಗಲಕೋಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಸಿದ್ದೇಶ್ವರಿ ಗಂಡನ ವೀಸಾದ ಬಾಲ ಹಿಡಿದು ಬಂದವಳು. ಅವಳಂಥವರಿಗೆ ದುಡಿಯುವ ಪರವಾನಗಿ ಸಿಕ್ಕಿದ್ದೇ ಹೋದ ವರ್ಷ, ೨೦೧೫ರಲ್ಲಿ. ಅರ್ಜಿ ಹಾಕಿದ ಕಡೆಯೆಲ್ಲ ಅವಳ ಉಚ್ಚಾರಣೆ ಕೇಳಿ, ಬಹಳ ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ ಫೋನಿಟ್ಟರು. ಕ್ವಾನ್ ಮೇಡಂ ಒಬ್ಬರೇ ಎದುರು ಕೂರಿಸಿಕೊಂಡು ವಯಸ್ಸೆಷ್ಟು, ಗಂಡ ಏನು ಮಾಡುತ್ತಾನೆ, ಅಪ್ಪ ಅಮ್ಮ ಗಟ್ಟಿಯಾಗಿದ್ದಾರೆಯೇ ಎಂದೆಲ್ಲ ಕೇಳಿದರು. ಈ ದೇಶದಲ್ಲಿ ಸಂದರ್ಶನ ಮಾಡುವವರು ಅಪ್ಪಿತಪ್ಪಿಯೂ ಕೇಳದ ಪ್ರಶ್ನೆಗಳು. ಸಿದ್ದೇಶ್ವರಿಗೆ ತವರಿನ ಕಟ್ಟೆಯ ಮೇಲೆ ಕೂತಷ್ಟು ಹಾಯೆನಿಸಿತು.

ಷರತ್ತು ಒಂದೇ. ಒಂದು ತಿಂಗಳು ನೋಡುವುದು. ಕೊನೆಯ ಶುಕ್ರವಾರ ತಾಯಂದಿರು ಬಂದು ತರಗತಿಯಲ್ಲಿ ಕೂರುತ್ತಾರೆ. ಅವರು ಒಪ್ಪಿದರೆ ಸೆಪ್ಟೆಂಬರಿನಿಂದ ಕೆಲಸ ಖಾಯಂ. ಆ ಶುಕ್ರವಾರ ನಾಳೆಯೇ ಇತ್ತು.

ಆಫೀಸಿನಲ್ಲಿ ಕ್ವಾನ್ ಮೇಡಂ ಬಾಗಿಲು ಹಾಕಿಕೊಂಡು ತಮ್ಮ ತೂಗಿ ಆಡುವ ಇಂಗ್ಲಿಷಿನಲ್ಲಿ ಕೇಳಿದರು: "ಅದು ಯಾವ ದೇವರ ಪ್ರಾರ್ಥನೆ?"

"ಪ್ರಾರ್ಥನೆ ಅಲ್ಲ ಮೇಡಂ."

"ಮತ್ತೇನು?"

"ಅಭ್ಯಾಸ," ಅಂದಳು ಸಿದ್ದೇಶ್ವರಿ. "ಕೈ ತಾನೇ ಮಾಡಿಬಿಡುತ್ತದೆ."

"ಯೇರಿನ್ ನಿನ್ನೆ ಮನೆಯಲ್ಲಿ ಬೈಬಲ್ ಬೀಳಿಸಿ ಕಣ್ಣಿಗೊತ್ತಿಕೊಂಡಳಂತೆ. ಅವಳ ಅಮ್ಮ ಮಿಸೆಸ್ ಚೋಯ್ ಬೆಳಿಗ್ಗೆಯೇ ಫೋನ್ ಮಾಡಿದ್ದರು. ಮಗಳನ್ನು ಇಂಗ್ಲಿಷ್ ಕಲಿಯಲು ಕಳಿಸಿದ್ದೇನೆ, ವಿಗ್ರಹಪೂಜೆ ಕಲಿಯಲು ಅಲ್ಲ ಅಂದರು. ಅವರು ಮಗಳನ್ನು ಬಿಡಿಸಿದರೆ ಇನ್ನೂ ಮೂವರು ಹಿಂದೆಯೇ ಹೋಗುತ್ತಾರೆ. ಎಲ್ಲರದೂ ಒಂದೇ ಚರ್ಚು. ಆಮೇಲೆ ನಿಮ್ಮನ್ನು ಇಟ್ಟುಕೊಳ್ಳುವುದು ನನ್ನಿಂದ ಆಗದು." ಕ್ವಾನ್ ಮೇಡಂ ದನಿ ತಗ್ಗಿಸಿದರು. "ನಾಳೆ ಕೇಳಿದರೆ ಕಣ್ಣು ಮಂದ ಅನ್ನಿ. ಪುಸ್ತಕದ ಮೇಲಿನ ಹೆಸರು ಓದಲು ಹತ್ತಿರ ಹಿಡಿದೆ ಅನ್ನಿ. ಮುಗಿಯಿತು."

ಆ ಸಂಜೆ ಗಂಡ ಅಣ್ಣಾಸಾಹೇಬ ಪಕ್ಕದ ಊರಾದ ಸ್ಟರ್ಲಿಂಗ್‌ನ ಡೇಟಾ ಸೆಂಟರಿನಿಂದ ಬಂದು ಬೂಟು ಬಿಚ್ಚುತ್ತಿರುವಾಗಲೇ ಅವಳು ಎದುರು ನಿಂತಳು.

"ರೀ, ಪುಸ್ತಕಕ್ಕ ಕಾಲು ತಾಕಿದ್ರ ಕಣ್ಣಿಗೆ ಹಚ್ಕೋತೀವಲ್ಲ, ಯಾಕ?"

"ಯಾಕಂದ್ರ? ಸರಸ್ವತಿ ಇರ್ತಾಳಲ್ಲ ಅದ್ರಾಗ."

"ಹಂಗಾದ್ರ ಅದು ಪೂಜಿನ ಆತಲ್ರಿ."

"ಪೂಜಿ ಎಲ್ಲೀದು! ಮೊನ್ನಿ ಡ್ಯೂಟಿ ಒಳಗ ಸರ್ವರ್ ರ‍್ಯಾಕಿಗೆ ಬೂಟು ತಾಕ್ತು, ಅದಕ್ಕೂ ಕೈ ಮುಟ್ಟಿಸಿ ಕಣ್ಣಿಗೆ ಹಚ್ಕೊಂಡೆ. ಮ್ಯಾನೇಜರ್ ನೋಡಿ, ಆರ್ ಯು ಓಕೆ ಅಂದ."

ಸಿದ್ದೇಶ್ವರಿಗೆ ನಗು ಬಂತು, ಜೊತೆಗೆ ಸಂಕಟವೂ. ವಿಷಯವೆಲ್ಲ ಹೇಳಿದಳು. ಅಣ್ಣಾಸಾಹೇಬ ಬಿಚ್ಚಿದ ಬೂಟನ್ನು ಗೋಡೆಗೆ ಸರಿಸಿಟ್ಟ.

"ಕಣ್ಣು ಮಂದ ಅಂತ ಹೇಳಿ ಬಾ. ಏಳು ವರ್ಷ ಮನ್ಯಾಗ ಕುಂತು ಹೆಂಗ ಆಗಿದ್ದಿ, ನಾ ನೋಡೀನಿಲ್ಲ? ಒಂದ್ ಮಾತಿನ ಸಲುವಾಗಿ ಕಳ್ಕೋಬ್ಯಾಡ."

ಅವನು ಹೇಳಿದ್ದು ಸುಳ್ಳಲ್ಲ. ಈ ತಿಂಗಳಲ್ಲಿ ಅವಳ ನಡಿಗೆಯೇ ಬೇರೆಯಾಗಿತ್ತು. ದಿನಕ್ಕೊಂದು ಹೊಸ ಸುದ್ದಿ ತರುತ್ತಿದ್ದಳು: ಕೊರಿಯನ್ನರೂ ಚಪ್ಪಲಿ ಹೊರಗೇ ಬಿಡುತ್ತಾರೆ, ಮಕ್ಕಳು ಪೆನ್ಸಿಲ್ ಕೊಟ್ಟರೂ ಎರಡು ಕೈಯಲ್ಲಿ ಕೊಡುತ್ತಾರೆ, ಬೈದರೆ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ತಲೆ ತಗ್ಗಿಸುತ್ತಾರೆ. ಯಾಕೆ ಹಾಗೆ ಎಂದು ಅವಳು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಆಗ ಅವಳಿಗೆ ಅದು ಬಹಳ ತಮಾಷೆಯಾಗಿ ಕಂಡಿತ್ತು.

ಶುಕ್ರವಾರ ಐದು ಮಂದಿ ತಾಯಂದಿರು ಗೋಡೆಗುಂಟ ಕುರ್ಚಿ ಹಾಕಿಕೊಂಡು ಕೂತರು. ಸಿದ್ದೇಶ್ವರಿ ಜಾಣತನ ಮಾಡಿ ಪುಸ್ತಕಗಳನ್ನೆಲ್ಲ ಮೊದಲೇ ಕಪಾಟಿಗೆ ಸೇರಿಸಿದ್ದಳು. ಪಾಠ ಚೆನ್ನಾಗಿಯೇ ನಡೆಯಿತು. ಮಕ್ಕಳು ಕೈಯೆತ್ತಿ ಎತ್ತಿ ಉತ್ತರ ಹೇಳಿದರು, ಒಬ್ಬಾಕೆ ತಲೆದೂಗಿದ್ದೂ ಕಾಣಿಸಿತು. ಇನ್ನೇನು ಮುಗಿಯಿತು ಅನ್ನುವಾಗ ಬೂದು ಬಣ್ಣದ ಕೋಟು ತೊಟ್ಟ ಮಿಸೆಸ್ ಚೋಯ್ ಎದ್ದು ನಿಂತರು.

"ಟೀಚರ್, ಒಂದು ಪ್ರಶ್ನೆ. ಪುಸ್ತಕವನ್ನು ಕಣ್ಣಿಗೆ ಯಾಕೆ ಒತ್ತಿಕೊಳ್ಳುತ್ತೀರಿ?"

ಸುಳ್ಳು ಸಿದ್ಧವಾಗಿತ್ತು. ಬೆಳಿಗ್ಗೆಯಿಂದ ನಾಲ್ಕು ಸಲ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದಳು. ಆದರೆ ಮುಂದಿನ ಸಾಲಿನಲ್ಲಿ ಯೇರಿನ್ ಗಲ್ಲಕ್ಕೆ ಎರಡೂ ಕೈ ಕೊಟ್ಟು, ತನಗೂ ಇದೇ ಬೇಕಾಗಿತ್ತು ಅನ್ನುವಂತೆ ಅವಳನ್ನೇ ನೋಡುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಕದ್ದು ತಿನ್ನುವ ಚಾಕೊಲೇಟನ್ನು ಬಾಗಿಲಲ್ಲಿ ನಿಂತೇ ಪತ್ತೆಹಚ್ಚುವ ಟೀಚರಿಗೆ ಕಣ್ಣು ಮಂದವೆಂದರೆ ಆ ಹುಡುಗಿ ನಂಬಿಯಾಳೇ? ಸಿದ್ದೇಶ್ವರಿಗೆ ನಾಚಿಕೆಯಾಯಿತು.

"ಕಾಲು ತಾಗಿತ್ತು," ಅಂದಳು. "ನಮ್ಮ ಕಡೆ ಪುಸ್ತಕಕ್ಕೆ ಕಾಲು ತಾಗಿದರೆ ಹಾಗೆ ಮಾಡಿ ಕ್ಷಮೆ ಕೇಳುತ್ತೇವೆ. ಮನುಷ್ಯರಿಗೆ ತಾಗಿದರೂ ಕೇಳುತ್ತೇವೆ."

"ಕ್ಷಮೆ? ಪುಸ್ತಕಕ್ಕೆ?"

"ಹೌದು. ಯಾವ ಪುಸ್ತಕವಾದರೂ ಸರಿ. ವ್ಯಾಕರಣದ್ದಾದರೂ ಸರಿ."

"ಕಣ್ಣಿಗೇ ಯಾಕೆ?"

"ಗೊತ್ತಿಲ್ಲ," ಅಂದಳು ಸಿದ್ದೇಶ್ವರಿ. "ಮೂವತ್ತಾರು ವರ್ಷದಲ್ಲಿ ನಾನು ಯಾರನ್ನೂ ಕೇಳಿಲ್ಲ."

ಟೀಚರಾದವಳು ಫೀಸು ಕಟ್ಟುವ ತಾಯಂದಿರ ಮುಂದೆ ಗೊತ್ತಿಲ್ಲ ಅನ್ನುವುದು ಬಾಗಲಕೋಟೆಯಲ್ಲೂ ಒಳ್ಳೆಯದಲ್ಲ, ಸೆಂಟರ್‌ವಿಲ್‌ನಲ್ಲೂ ಅಲ್ಲ. ಬಾಗಿಲ ಬಳಿ ಕ್ವಾನ್ ಮೇಡಂ ಕಣ್ಣು ಮುಚ್ಚಿಕೊಂಡರು. ಮಿಸೆಸ್ ಚೋಯ್ ಮಗಳ ಕೈ ಹಿಡಿದು ಹೊರಟರು.

ಮಕ್ಕಳೆಲ್ಲ ಹೋದ ಮೇಲೆ ಸಿದ್ದೇಶ್ವರಿ ತನ್ನ ಪೆನ್ನು, ನೀರಿನ ಬಾಟಲಿ, ಹಾಜರಿಯ ಹಾಳೆ ಎಲ್ಲವನ್ನೂ ಚೀಲಕ್ಕೆ ತುಂಬಿ ಕೆಳಗಿಳಿದಳು. ಹಾಜರಿಯ ಹಾಳೆ ಶಾಲೆಯದು ಅನ್ನುವುದೂ ಹೊಳೆಯಲಿಲ್ಲ. ಜೂನ್ ತಿಂಗಳ ಬಿಸಿಲು ಇನ್ನೂ ಪಾರ್ಕಿಂಗಿನಲ್ಲಿತ್ತು. ಮಿಸೆಸ್ ಚೋಯ್ ಕಾರಿಗೆ ಒರಗಿ ಅವಳಿಗಾಗಿಯೇ ಕಾಯುತ್ತಿದ್ದರು.

"ಬೈಬಲನ್ನು ಕಣ್ಣಿಗೊತ್ತುವುದು ನನಗೆ ಒಪ್ಪಿಗೆಯಿಲ್ಲ," ಅಂದರು ನೇರವಾಗಿ. "ಅದನ್ನು ಮನೆಯಲ್ಲಿ ನಾನು ನೋಡಿಕೊಳ್ಳುತ್ತೇನೆ." ಕಾರಿನೊಳಗೆ ಕೂತ ಮಗಳತ್ತ ಒಮ್ಮೆ ನೋಡಿದರು. "ಯೇರಿನ್ ಈ ಶಾಲೆಗೆ ಎರಡು ವರ್ಷದಿಂದ ಬರುತ್ತಿದ್ದಾಳೆ. ಮನೆಗೆ ಬಂದು ಯಾವತ್ತೂ ಏನೂ ಕೇಳಿದವಳಲ್ಲ. ಈ ವಾರ ಕೇಳಿದಳು, ಅಮ್ಮಾ, ಕಾಲು ತಾಗಿದರೆ ಪುಸ್ತಕಕ್ಕೆ ನೋವಾಗುತ್ತದಾ ಅಂತ. ನನಗೆ ಉತ್ತರ ತಿಳಿಯಲಿಲ್ಲ. ಬೈದುಬಿಟ್ಟೆ."

ಮಿಸೆಸ್ ಚೋಯ್ ಕಾರಿನ ಬಾಗಿಲು ತೆಗೆದರು.

"ಆ ಪ್ರಶ್ನೆಯ ಮೇಲೆ ಅವಳಿಂದ ಪ್ರಬಂಧ ಬರೆಸಿ. ಪೂರ್ತಿ ಒಂದು ಪುಟ. ಮುಂದಿನ ಶುಕ್ರವಾರ ನಾನೇ ಓದುತ್ತೇನೆ. ತಪ್ಪು ಉಳಿದಿರಬಾರದು."

ಸಿದ್ದೇಶ್ವರಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಕ್ವಾನ್ ಮೇಡಂ ಸೆಪ್ಟೆಂಬರಿನ ವೇಳಾಪಟ್ಟಿ ಮುಂದಿಟ್ಟುಕೊಂಡು ಕೂತಿದ್ದರು. ಸಿದ್ದೇಶ್ವರಿ ಹೇಳಿದ್ದನ್ನು ಕೇಳಿ ತಲೆಯೆತ್ತಿದರು.

"ಮುಂದಿನ ಶುಕ್ರವಾರ ಅಂದರಾ? ಸರಿಯಾಗಿ ಕೇಳಿಸಿಕೊಂಡಿರಾ?"

"ಹೌದು ಮೇಡಂ."

ಕ್ವಾನ್ ಮೇಡಂ ನಾಲ್ಕು ಗಂಟೆಯ ಖಾಲಿ ಚೌಕದಲ್ಲಿ ಅವಳ ಹೆಸರು ಬರೆಯತೊಡಗಿದರು. ಉದ್ದದ ಹೆಸರು, ಕೊನೆಯ ಅಕ್ಷರಗಳು ಪಕ್ಕದ ಗಣಿತದ ಚೌಕಕ್ಕೆ ನುಗ್ಗಿದವು.

ತರಗತಿಗೆ ಹೋಗಿ ಸಿದ್ದೇಶ್ವರಿ ಬೋರ್ಡಿನ ಮೇಲೆ ಪ್ರಬಂಧದ ಪ್ರಶ್ನೆ ಬರೆದಳು. ಹಿಂದೆ ಸರಿದು ಒಮ್ಮೆ ಓದಿಕೊಂಡಳು. ಆಮೇಲೆ ಮುಂದಿನ ಸಾಲಿನ ಮಕ್ಕಳ ಕುರ್ಚಿಯೊಂದನ್ನು ಎಳೆದು, ಮೊಣಕಾಲು ಮೇಜಿಗೆ ಒತ್ತುವಂತೆ ಕೂತು, ಹಾಳೆಯೊಂದನ್ನು ತೆಗೆದುಕೊಂಡು ಮೇಲ್ಗಡೆ ತನ್ನ ಹೆಸರು, ತಾರೀಖು ಬರೆದಳು. ದೀಪ ಆರಿಸಲು ಬಂದ ಕ್ವಾನ್ ಮೇಡಂ ಗಾಜಿನಾಚೆಯಿಂದ ಅವಳನ್ನು ನೋಡಿದರು. ಅವಳು ಪೆನ್ನಿನ ತುದಿ ಕಚ್ಚಿಕೊಂಡು ಕೂತಿದ್ದಳು, ಮೊದಲ ಸಾಲು ಇನ್ನೂ ಬಂದಿರಲಿಲ್ಲ.