ಊಟದ ಕೂಪನ್ನಿನ ಸಹಿ

“ಒಂಬತ್ತನೇ ಕ್ಲಾಸು ದಾಟದವನು ಕಾಯ್ದೆ ಓದಲಿಕ್ಕೆ ಹೊರಟಿದ್ದಾನೆ. ಮೊದಲು ಮೈಯ ಮೀನಿನ ವಾಸನೆ ತೊಳೆದು ಬಾ ಮಾರಾಯ.”

ಕಾಪುವಿನ ಮೀನು ವ್ಯಾಪಾರಿಗಳ ಸಭೆಯಲ್ಲಿ ಅಧ್ಯಕ್ಷ ಭುಜಂಗಣ್ಣ ಹೀಗೆಂದಾಗ ಅರವತ್ತು ಜನ ನಕ್ಕರು. ಅರವತ್ತು ಜನರ ಮೈಯಲ್ಲೂ ಅದೇ ವಾಸನೆ, ಆದರೂ ನಕ್ಕರು. ಲಕ್ಷಿತನ ಕಿವಿ ಕಾದ ಕಾವಲಿಯಾಯಿತು.

ಅವನು ಕೇಳಿದ್ದು ಒಂದೇ ಮಾತು. ಐದು ಟನ್ನಿನ ಶೀತಲ ಲಾರಿ ಇಲ್ಲದವರು ತಾಲೂಕು ದಾಟಿಸಿ ಮೀನು ಮಾರುವಂತಿಲ್ಲ ಎಂಬ ನಿಯಮ ಬರಲಿಕ್ಕುಂಟಲ್ಲ, ಅದನ್ನು ಬೇಕೆಂದವರು ಯಾರು?

ಲಕ್ಷಿತನಿಗೆ ಇದ್ದದ್ದು ಒಂದು ಗೂಡ್ಸ್ ಆಟೋ, ಆರು ಥರ್ಮಾಕೋಲ್ ಪೆಟ್ಟಿಗೆ. ಮಲ್ಪೆಯಲ್ಲಿ ಬಂಗುಡೆ ಎತ್ತಿ, ಒಂದು ಪದರ ಐಸು ಒಂದು ಪದರ ಮೀನು ಹಾಸಿ, ಹತ್ತು ಗಂಟೆಗೆ ಕಾರ್ಕಳ ದಾಟಿ ಬಜಗೋಳಿ ಮುಟ್ಟುತ್ತಿದ್ದ. ಅಲ್ಲಿಯ ಹೆಂಗಸರು ಕಿವಿರು ಎತ್ತಿ ನೋಡಿ, ಕೆಂಪಿದ್ದರೆ ಮಾತ್ರ ಕೊಳ್ಳುವವರು. ಅವರನ್ನು ಒಪ್ಪಿಸಲಿಕ್ಕೇ ಎರಡು ವರ್ಷ ಐಸಿನ ಹದ ಕಲಿತಿದ್ದ. ನಿಯಮ ಬಂದರೆ ಆ ದಾರಿ ಬಂದ್. ಭುಜಂಗಣ್ಣನಿಗೆ ಅಂಥ ಲಾರಿ ಮೂರಿದ್ದವು.

ಲಕ್ಷಿತ ಮಾಹಿತಿ ಹಕ್ಕಿನಲ್ಲಿ ತರಿಸಿದ ಕಾಗದ ಬಿಚ್ಚಿದ. “ಇದು ಆ ನಿಯಮ ಬೇಕೆಂದು ಅಧ್ಯಕ್ಷರು ಮೀನುಗಾರಿಕೆ ಇಲಾಖೆಗೆ ಕೊಟ್ಟ ಮನವಿ. ನಾವೆಲ್ಲ ಒಪ್ಪಿದ್ದೇವಂತೆ. ಸಹಿಯ ಹಾಳೆಯೂ ಉಂಟು. ಅಪ್ಪಿಯಕ್ಕ, ಹದಿನೇಳನೆಯದು ನಿಮ್ಮ ಹೆಬ್ಬೆಟ್ಟು.”

ಬಸ್ಸಿನಲ್ಲಿ ಬುಟ್ಟಿ ಒಯ್ದು ತಾಲೂಕಿನಾಚೆ ನಿಟ್ಟೆಯಲ್ಲಿ ಮೀನು ಮಾರುವ ಅಪ್ಪಿಯಕ್ಕ ಎದ್ದು ನಿಂತರು. “ನಾನು ಒತ್ತಿದ್ದು ಮಹಾಸಭೆಯ ಊಟಕ್ಕಲ್ವಾ?”

“ನಾನೂ ಊಟಕ್ಕೇ ಸಹಿ ಹಾಕಿದ್ದು. ಕೂಪನ್ ಕೊಡುವ ಮೇಜಿನ ಮೇಲಿದ್ದ ಪುಸ್ತಕದ ಹಾಳೆಯೇ ಇದು,” ಎಂದ ಲಕ್ಷಿತ.

“ಕೋಳಿ ಸುಕ್ಕ ಉಂಡು ನಮ್ಮದೇ ಕುತ್ತಿಗೆ ಕೊಟ್ಟೆವು,” ಎಂದರು ಯಾರೋ. ಈ ಸಲ ಯಾರೂ ನಗಲಿಲ್ಲ.

ಭುಜಂಗಣ್ಣನ ದನಿ ಇಳಿಯಿತು. “ಹೊರಗಿನ ದೊಡ್ಡ ಕಂಪೆನಿಗಳು ಬರ್ತಾ ಉಂಟು. ಅವರೆದುರು ನಾವು ಉಳಿಯುವುದಿಲ್ಲ. ಹೀಗಾದರೂ ಬಾಗಿಲು ಹಾಕಬೇಡವಾ?”

ಸೈಕಲ್ಲಿನಲ್ಲಿ ಮೀನು ಮಾರಿ ಮೇಲೆ ಬಂದ ಮನುಷ್ಯ. ಆ ಹೆದರಿಕೆ ನಾಟಕವಲ್ಲ ಎಂದು ಲಕ್ಷಿತನಿಗೂ ಗೊತ್ತಿತ್ತು. ಸಿಟ್ಟು ಮಾತ್ರ ಇಳಿಯಲಿಲ್ಲ.

“ಅವರ ಹತ್ತಿರ ಹತ್ತು ಟನ್ನಿನ ಲಾರಿ ಉಂಟು ಭುಜಂಗಣ್ಣ. ಬಾಗಿಲು ಬಿದ್ದದ್ದು ನಮ್ಮ ಮುಖಕ್ಕೆ. ಬಜಗೋಳಿಯ ಹೆಂಗಸರ ಮುಂದೆ ನಿಂತ ನಮ್ಮ ಮೀನು ಆ ಕಂಪೆನಿಗಳ ಎದುರು ನಿಲ್ಲುವುದಿಲ್ಲವಾ? ನಿಯಮ ಬೇಕಿದ್ದರೆ ಇದೇ ಮೈಕಿನಲ್ಲಿ ಹೇಳಬಹುದಿತ್ತು. ನಾವು ಜಗಳ ಮಾಡ್ತಿದ್ದೆವು, ಅಷ್ಟೇ. ನಮಗೆ ಗೊತ್ತಾಗದ ಹಾಗೆ ಸಹಿ ಕದ್ದದ್ದು ಯಾಕೆ?”

ಅಧ್ಯಕ್ಷರು ವೇದಿಕೆ ಇಳಿದು, ಅವನ ಹೆಗಲಿಗೆ ಕೈ ಹಾಕಿ ಹೊರಗೆ ಜಗಲಿಗೆ ಕರೆತಂದರು. ಇಲಾಖೆಯ ಉಡುಪಿ ಕಚೇರಿಗೆ ನಿಯಮದ ವಿರುದ್ಧ ಆಕ್ಷೇಪಣೆ ಕೊಡಲು ಅಂದೇ ಸಂಜೆ ಐದಕ್ಕೆ ಕೊನೆ.

“ನೀನು ಉಡುಪಿಗೆ ಹೋಗಬೇಡ. ನಿನ್ನ ಆಟೋಗೆ ವಿನಾಯಿತಿ ನಾನು ಕೊಡಿಸ್ತೇನೆ. ನನ್ನ ಒಂದು ಮಾತು ಸಾಕು ಅಲ್ಲಿ. ಯಾರಿಗೂ ಗೊತ್ತಾಗುವುದಿಲ್ಲ.”

ಬಜಗೋಳಿಯ ದಾರಿ ಉಳಿಯುತ್ತದೆ, ಲಕ್ಷಿತನೊಬ್ಬನಿಗೆ. ಒಳಗೆ ಅಪ್ಪಿಯಕ್ಕ ಪಕ್ಕದವರನ್ನು ಕೇಳುತ್ತಿದ್ದರು: “ಬುಟ್ಟಿಗೂ ಈ ಕಾನೂನು ಉಂಟಾ?”

“ಎಂತ ಹೇಳ್ತೀ ಮಾರಾಯ?” ಭುಜಂಗಣ್ಣನ ಮಾತಿನಲ್ಲಿ ಈಗ ಬೇಡಿಕೆಯೇ ಇತ್ತು.

ಹೆಗಲ ಮೇಲಿನ ಕೈಯನ್ನು ಲಕ್ಷಿತ ಮೆಲ್ಲನೆ ಸರಿಸಿದ. ಚಪ್ಪಲಿ ಮೆಟ್ಟಿಕೊಂಡು, ಹಿಂದೆ ನೋಡದೆ, ಉಡುಪಿಯ ಬಸ್ಸು ನಿಲ್ಲುವ ಕಡೆಗೆ ನಡೆದ.